ಬಿಯರ್ ಟ್ಯಾಪಿನಲ್ಲಿ ಪುನರ್ಪುಳಿ ಸೋಡಾ

ಮಂಗಳೂರಿನ ನಮ್ಮ ಮನೆಯ ಹಿಂದಿನ ಜಗಲಿಯಲ್ಲಿ ಒಂದು ಸಣ್ಣ ಬಾರ್ ಕೌಂಟರ್ ಇದೆ. ಪಕ್ಕದಲ್ಲಿ ಬಾಗಿಲಿಗೆ ಟ್ಯಾಪ್ ಕೂರಿಸಿದ ಹಳೆಯ ಸಿಂಗಲ್ ಡೋರ್ ಫ್ರಿಜ್. ನೋಡಿದವರೆಲ್ಲ "ಡ್ರಾಟ್ ಬಿಯರಾ?" ಎಂದೇ ಕೇಳುತ್ತಾರೆ. ಸಾಮಾನು ಪೂರ್ತಿ ಬಿಯರಿನದ್ದೇ ಹೌದು. ಆದರೆ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ಮಾಡಲು ಅಬಕಾರಿ ಕಾಯ್ದೆ ಬಿಡುವುದಿಲ್ಲ. ನನಗೆ ಬೇಕಾಗಿದ್ದೂ ಬೇರೆಯೇ. ಮೇ ತಿಂಗಳ ಸೆಕೆಯಲ್ಲಿ ಮನೆಗೆ ಬಂದವರಿಗೆಲ್ಲ ಸಾಕಾಗುವಷ್ಟು, ಗಂಟಲಿಗೆ ಚುರುಕ್ ಎನ್ನುವ ತಣ್ಣನೆಯ ಪುನರ್ಪುಳಿ (ಕೋಕಂ) ಸೋಡಾ.

ಮೊದಲು ತಂದದ್ದು 19 ಲೀಟರಿನ ಸ್ಟೀಲ್ ಕೆಗ್, ಅಂದರೆ ಒತ್ತಡ ತಡೆಯುವ ಪೀಪಾಯಿ. ಇದಕ್ಕೆ ಕಾರ್ನಿ ಕೆಗ್ ಎನ್ನುತ್ತಾರೆ. ತಂಪು ಪಾನೀಯದ ಕಂಪನಿಗಳು ಹಿಂದೆ ಸಿರಪ್ ತುಂಬುತ್ತಿದ್ದದ್ದು ಇದರಲ್ಲೇ. ಬಿಯರಿನವರು ಹಿಡಿದದ್ದು ಆಮೇಲೆ. ಜೊತೆಗೆ 2 ಕೆಜಿಯ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್, ರೆಗ್ಯುಲೇಟರ್, ಆಹಾರಕ್ಕೆ ಬಳಸುವ ಪೈಪು, ಟ್ಯಾಪು. ವೆಲ್ಡಿಂಗಿನವರೂ ಇದೇ ಗ್ಯಾಸ್ ಬಳಸುತ್ತಾರೆ. ಕುಡಿಯುವುದಕ್ಕೆ ಅಂತ ಬಾಯಿ ಬಿಟ್ಟು ಹೇಳಿ, ಫುಡ್ ಗ್ರೇಡ್ ಗ್ಯಾಸನ್ನೇ ತುಂಬಿಸಿಕೊಳ್ಳಬೇಕು.

ಫ್ರಿಜ್ಜಿಗೆ ತೂತು ಕೊರೆಯುವಾಗ ರಿಪೇರಿಯವರನ್ನು ಕರೆದದ್ದು ಒಳ್ಳೆಯದಾಯಿತು. ನಾನು ಪಕ್ಕದ ಗೋಡೆಗೆ ಗುರುತು ಹಾಕಿಟ್ಟಿದ್ದೆ. "ಸೈಡಿಗೆ ಡ್ರಿಲ್ ಹಾಕ್ಬೇಡಿ ಮಾರಾಯ್ರೆ, ಒಳಗೆ ಗ್ಯಾಸಿನ ಪೈಪ್ ಓಡ್ತದೆ. ಬಾಗಿಲಿಗೆ ಹಾಕಿ, ಅಲ್ಲಿ ಬರೀ ಫೋಮ್ ಇರೋದು" ಎಂದರು. ಹಾಗೇ ಮಾಡಿದೆವು. ಒಳಗಿನ ಹಲಗೆ, ತರಕಾರಿ ಟ್ರೇ ಎಲ್ಲ ತೆಗೆದ ಮೇಲೆ ಕೆಗ್ ಸರಿಯಾಗಿ ಕೂತಿತು. ಸಿಲಿಂಡರ್ ಹಿಂದುಗಡೆ ಕಂಪ್ರೆಸರಿನ ಮೇಲಿರುವ ದಿಬ್ಬದ ಮೇಲೆ.

ಮೊದಲ ಸಿಲಿಂಡರ್ ಒಂದೇ ರಾತ್ರಿಯಲ್ಲಿ ಖಾಲಿ. ಸಿಲಿಂಡರಿಗೂ ರೆಗ್ಯುಲೇಟರಿಗೂ ನಡುವೆ ಒಂದು ಸಣ್ಣ ನೈಲಾನ್ ವಾಷರ್ ಇರಬೇಕು, ಅದನ್ನು ಹಾಕಲು ನಾನು ಮರೆತಿದ್ದೆ. ಈಗ ಪ್ರತಿ ಸಲ ಎಲ್ಲ ಜೋಡಣೆಗೂ ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುತ್ತದಾ ಅಂತ ನೋಡುತ್ತೇನೆ. ಎಷ್ಟು ಗ್ಯಾಸ್ ಉಳಿದಿದೆ ಎಂದು ಮೀಟರ್ ನೋಡಿ ಪ್ರಯೋಜನವಿಲ್ಲ. ಸಿಲಿಂಡರಿನ ಒಳಗೆ ಗ್ಯಾಸು ದ್ರವವಾಗಿ ಇರುವಷ್ಟು ದಿನ ಮುಳ್ಳು ಹೆಚ್ಚು ಕಡಿಮೆ ಒಂದೇ ಕಡೆ ನಿಂತಿರುತ್ತದೆ, ಕೊನೆಗೆ ಒಮ್ಮೆಲೇ ಬೀಳುತ್ತದೆ. ಸಿಲಿಂಡರನ್ನು ತೂಕ ಮಾಡಿಯೇ ತಿಳಿಯಬೇಕು.

ಇನ್ನು ನೊರೆ. ನನ್ನನ್ನು ಅತಿ ಹೆಚ್ಚು ಸತಾಯಿಸಿದ್ದು ಇದೇ. ಮೊದಲ ಸಲ ಬೆಚ್ಚಗಿನ ನೀರಿಗೇ ಗ್ಯಾಸ್ ಬಿಟ್ಟೆ. ಒತ್ತಡ ಅದೇ 30 ಪಿಎಸ್‌ಐ (ಒತ್ತಡದ ಅಳತೆ) ಇದ್ದರೂ ನಮ್ಮ ಊರಿನ 28 ಡಿಗ್ರಿ ನೀರು ಹಿಡಿಯುವ ಗ್ಯಾಸು, 4 ಡಿಗ್ರಿ ನೀರು ಹಿಡಿಯುವುದರ ಅರ್ಧದಷ್ಟು ಮಾತ್ರ. ಗ್ಲಾಸಿನಲ್ಲಿ ಸಪ್ಪೆ ನೀರು, ಮೇಲೆ ರಾಶಿ ನೊರೆ. ಈಗ 17 ಲೀಟರ್ ಫಿಲ್ಟರ್ ನೀರು ತುಂಬಿ, ಎರಡು ದಿನ ಸುಮ್ನೆ ತಣ್ಣಗಾಗಲು ಬಿಡುತ್ತೇನೆ. ನಲ್ಲಿ ನೀರು ನೇರ ಹಾಕಿದರೆ ಕ್ಲೋರಿನ್ ವಾಸನೆ ಸೋಡಾದಲ್ಲಿ ಎದ್ದು ಕಾಣುತ್ತದೆ. ಆಮೇಲೆ ಗ್ಯಾಸ್ ಬಿಟ್ಟು, ಕೆಗ್ಗಿನ ಮೇಲಿನ ವಾಲ್ವ್ ಎಳೆದು ಒಳಗಿನ ಗಾಳಿ ಹೊರಹಾಕುತ್ತೇನೆ. ನಾಲ್ಕೈದು ಸಲ ಹೀಗೆ. ನಂತರ 30 ಪಿಎಸ್‌ಐನಲ್ಲಿ ಒಂದು ವಾರ ಮುಟ್ಟುವುದಿಲ್ಲ.

ಪೈಪಿನ ಉದ್ದವೂ ಅಷ್ಟೇ ಮುಖ್ಯ. ಬಿಯರಿಗೆ 10ರಿಂದ 12 ಪಿಎಸ್‌ಐ ಸಾಕು, ಅದಕ್ಕೆ ಎರಡು ಮೂರು ಮೀಟರ್ ಪೈಪು ನಡೆಯುತ್ತದೆ. ಸೋಡಾದ ಒತ್ತಡ ಜಾಸ್ತಿ ಅಲ್ವಾ? ಗಿಡ್ಡ ಪೈಪಿನಲ್ಲಿ ರಭಸವಾಗಿ ನುಗ್ಗಿ ಬಂದು ಗ್ಯಾಸೆಲ್ಲ ಗ್ಲಾಸಿನಲ್ಲೇ ಬಿಟ್ಟುಬಿಡುತ್ತದೆ. ಹೆಚ್ಚು ಕಡಿಮೆ 5 ಮಿಲಿಮೀಟರ್ ಒಳವ್ಯಾಸದ ಪೈಪನ್ನು 6 ಮೀಟರ್ ತಂದು, ಸುರುಳಿ ಸುತ್ತಿ ಕೆಗ್ಗಿನ ಮೇಲೆ ತಣ್ಣಗೆ ಇಟ್ಟೆ. ಅಂದಿನಿಂದ ಧಾರೆ ಶಾಂತವಾಗಿ ಇಳಿಯುತ್ತದೆ. ಟ್ಯಾಪನ್ನು ಪೂರ್ತಿ ತೆರೆಯಬೇಕು; ಅರ್ಧ ತೆರೆದರೆ ಮತ್ತೆ ನೊರೆ.

ಟ್ಯಾಪಿಗೆ ಜಿಪುಣತನ ಬೇಡ. ಕ್ರೋಮ್ ಬಳಿದ ಹಿತ್ತಾಳೆಯದ್ದು ಹಾಕಿದ್ದೆ, ಕೆಲವೇ ತಿಂಗಳಲ್ಲಿ ಬಾಯಿಗೆ ಲೋಹದ ರುಚಿ ಬಂತು. ಸೋಡಾ ನೀರು ಹುಳಿ, ಹಿತ್ತಾಳೆಯನ್ನು ತಿನ್ನುತ್ತದೆ. ಈಗ ಟ್ಯಾಪೂ ಅದರ ಹಿಂದಿನ ಕೊಳವೆಯೂ ಪೂರ್ತಿ ಸ್ಟೇನ್‌ಲೆಸ್ ಸ್ಟೀಲ್.

ಪುನರ್ಪುಳಿಯನ್ನು ಮಾತ್ರ ಕೆಗ್ಗಿಗೆ ಹಾಕುವುದಿಲ್ಲ. ಸಕ್ಕರೆ ಪೈಪಿನಲ್ಲಿ ಅಂಟಿ ಕೂತರೆ ನಮ್ಮ ಮಳೆಗಾಲದಲ್ಲಿ ಬೂಸ್ಟು ಬರಲು ಎಷ್ಟು ಹೊತ್ತು? ಅತ್ತೆ ಒಣಸಿಪ್ಪೆಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಸಕ್ಕರೆ, ಜೀರಿಗೆ ಸೇರಿಸಿ ಕುದಿಸಿ ಬಾಟಲಿಗೆ ಸೋಸಿ ಇಡುತ್ತಾರೆ. ಉಪ್ಪನ್ನೂ ಆಗಲೇ ಕರಗಿಸಬೇಕು. ಸೋಡಾ ಹಾಕಿದ ಮೇಲೆ ಉಪ್ಪು ಉದುರಿಸಿದರೆ ಭುಸ್ಸೆಂದು ಉಕ್ಕಿ ಗ್ಯಾಸೆಲ್ಲ ಹೋಗುತ್ತದೆ. ಗ್ಲಾಸಿನ ತಳಕ್ಕೆ ಎರಡು ಬೆರಳು ಸಿರಪ್, ಗ್ಲಾಸನ್ನು ಓರೆ ಹಿಡಿದು ಸೋಡಾ. ಕಡುಕೆಂಪು ಕೆಳಗಿನಿಂದ ಮೆಲ್ಲಗೆ ಮೇಲೇರಿ ತಿಳಿಯಾಗುವುದನ್ನು ನೋಡಲು ಅಕ್ಕನ ಮಕ್ಕಳು ಟ್ಯಾಪಿನ ಮುಂದೆ ಸಾಲು ನಿಲ್ಲುತ್ತಾರೆ.

ಒಂದು ಎಚ್ಚರಿಕೆ ಹೇಳಲೇಬೇಕು. ಈ ಗ್ಯಾಸ್ ಗಾಳಿಗಿಂತ ಭಾರ, ವಾಸನೆ ಇಲ್ಲ. ಕಿಟಕಿ ಇಲ್ಲದ ಕೋಣೆಯಲ್ಲಿ ಸೋರಿದರೆ ಜೀವಕ್ಕೇ ಅಪಾಯ. ನಾನು ಜಗಲಿಯಲ್ಲಿ ಇಟ್ಟಿರುವುದು ಅದಕ್ಕೇ. ನೀವು ಮಾಡುವುದಾದರೂ ಗಾಳಿ ಆಡುವ ಜಾಗವನ್ನೇ ಹುಡುಕಿ.