ನೋಟ್‌ಬುಕ್ಕಿನ ಕೊನೆಯ ಹಾಳೆಗಳು

ಸುಂಟಿಕೊಪ್ಪದಲ್ಲಿ ರಸ್ತೆ ದಾಟುವಾಗ ನನ್ನ ಒಂಬತ್ತು ವರ್ಷದ ಮಗಳಿಗೆ ಕಾರು ಗುದ್ದಿತು. ಎಡ ತೊಡೆಯ ಮೂಳೆ ಮಂಡಿಯ ಹತ್ತಿರವೇ ಮುರಿದಿತ್ತು. ಮೈಸೂರಿನಲ್ಲಿ ಎರಡು ಆಪರೇಷನ್ ಆದವು. ಟೈಲರಿಂಗ್ ಅಂಗಡಿ ಮುಚ್ಚಿ ಐದು ತಿಂಗಳು ಅವಳ ಜೊತೆಗೇ ಇದ್ದೆ.

ಮಡಿಕೇರಿಯಲ್ಲಿ ವಕೀಲರನ್ನು ಕಾಣುವಾಗ ನಾಲ್ಕು ತಿಂಗಳು ಕಳೆದಿತ್ತು. ಅಪಘಾತವಾಗಿ ಆರು ತಿಂಗಳೊಳಗೆ ಪರಿಹಾರದ ಅರ್ಜಿ ಹಾಕಬೇಕು, 2022ರ ಏಪ್ರಿಲ್ 1ರಿಂದ ಈ ಗಡುವು ಬಂದಿದೆ ಎಂದರು. ಎದೆ ಧಸಕ್ಕೆಂದಿತು. ಅರ್ಜಿ ಮಗಳ ಹೆಸರಲ್ಲಿ, ಪೋಷಕಿಯಾಗಿ ಸಹಿ ನನ್ನದು. ಎಫ್‌ಐಆರ್, ಸ್ಥಳ ಮಹಜರು, ಗಾಯದ ಸರ್ಟಿಫಿಕೇಟು, ಕಾರಿನ ಇನ್ಶೂರೆನ್ಸ್ ಪ್ರತಿ ಎಲ್ಲ ಜೋಡಿಸಿದೆವು.

ಔಷಧಿ ಬಿಲ್ಲುಗಳಿದ್ದವು. ಜೀಪಿನ ಬಾಡಿಗೆಗೆ ಚೀಟಿ ಇರಲಿಲ್ಲ. ಆದರೆ ಮಗಳ ಗಣಿತದ ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ ಬರೆದಿಟ್ಟಿದ್ದೆ: ತಾರೀಕು, ಎಲ್ಲಿಗೆ, ಎಷ್ಟು ಕೊಟ್ಟೆ, ಅವತ್ತು ಹೊಲಿಯದೆ ವಾಪಸ್ ಕೊಟ್ಟ ಬ್ಲೌಸ್ ಎಷ್ಟು. "ಅಕ್ಕ, ಇದನ್ನ ಜೋಪಾನ ಮಾಡಿ" ಎಂದರು ವಕೀಲರು. ಪಾಟಿ ಸವಾಲಿನಲ್ಲಿ ಎದುರು ಕಡೆಯ ವಕೀಲರು ಕೇಳಿದ್ದು ಅದನ್ನೇ: "ಹೆತ್ತ ಮಗಳನ್ನ ನೋಡಿಕೊಳ್ಳೋಕೂ ದುಡ್ಡು ಬೇಕೇನಮ್ಮ?" ಗಂಟಲು ಕಟ್ಟಿತು. ಆದರೂ ಹಾಳೆ ತೋರಿಸಿ ಓದಿದೆ. ಅಮ್ಮ ಮಾಡಿದ್ದು ಸುಮ್ನೆ ಬಂದದ್ದಲ್ಲ. ಅದಕ್ಕೂ ಅಂಗಡಿ ಮುಚ್ಚಿದ ಬೆಲೆ ಇದೆ, ಅಲ್ವಾ?

ಮಕ್ಕಳ ಅಂಗವೈಕಲ್ಯಕ್ಕೆ 2013ರಲ್ಲಿ ಸುಪ್ರೀಂ ಕೋರ್ಟ್ ಒಂದು ಲೆಕ್ಕ ಹೇಳಿತ್ತು. ಇಡೀ ದೇಹಕ್ಕೆ ಶೇ. 10ಕ್ಕಿಂತ ಜಾಸ್ತಿ, 30ರವರೆಗೆ ಇದ್ದರೆ 3 ಲಕ್ಷ ಎಂದಿತ್ತು. ಚಿಕಿತ್ಸೆ ಮತ್ತು ನೋಡಿಕೊಂಡವರ ಖರ್ಚು ಅದರ ಮೇಲೆ ಬೇರೆ. ಹಾಗಾಗಿ ಕಾಲಿಗೆ ಎಷ್ಟು, ಇಡೀ ದೇಹಕ್ಕೆ ಎಷ್ಟು ಎಂದು ಡಾಕ್ಟರ ಹತ್ತಿರ ಬೇರೆ ಬೇರೆ ಬರೆಸಿಕೊಳ್ಳಿ. ಎರಡೂ ಒಂದೇ ಅಂದುಕೊಂಡು ನಾನು ಮೊದಲು ಎಡವಿದ್ದೆ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇನ್ನೊಂದು. ಮೂಳೆ ಬೆಳೆಯುವ ತುದಿಗೇ ಅವಳಿಗೆ ಪೆಟ್ಟಾಗಿತ್ತು. ಈಗ ಕೂಡಿಕೊಂಡರೂ ಬೆಳೆಯುತ್ತಾ ಆ ಕಾಲು ಗಿಡ್ಡ ಆಗಬಹುದು, ಇನ್ನೊಂದು ಆಪರೇಷನ್ ಬೇಕಾಗಬಹುದು ಎಂದಿದ್ದರು ಡಾಕ್ಟರು. ನಮ್ಮ ಹತ್ತಿರ ಬಾಯಲ್ಲಿ ಹೇಳಿದರೆ ಸಾಲದು, ಕೋರ್ಟಿನಲ್ಲಿ ಸಾಕ್ಷಿ ಹೇಳುವಾಗ ಅದು ಬರಲೇಬೇಕು. ಎರಡು ಸಲ ಹೋಗಿ ಕೇಳಿಕೊಂಡೆ. ಬಂದು ಹೇಳಿದರು. ಮುಂದಿನ ಚಿಕಿತ್ಸೆಯ ಹಣವೂ ತೀರ್ಪಿನಲ್ಲಿ ಸೇರಿತು.

ಹೆಚ್ಚಿನ ಪಾಲು ಅವಳಿಗೆ ಹದಿನೆಂಟು ತುಂಬುವವರೆಗೆ ಬ್ಯಾಂಕಿನಲ್ಲಿ ಠೇವಣಿಯಾಗಿದೆ. ಈಗಲೂ ಆರು ತಿಂಗಳಿಗೊಮ್ಮೆ ಕಾಲು ಅಳೆಸಲು ಮೈಸೂರಿಗೆ ಹೋಗುತ್ತೇವೆ. ನೋಟ್‌ಬುಕ್ ಬ್ಯಾಗಿನಲ್ಲೇ ಇರುತ್ತದೆ.