ತಾಂಡಾದ ಹೆಣ್ಣುಮಗಳಿಗೆ ಬಜೆಟ್ಟಿನಿಂದ ಎಷ್ಟು ದಕ್ಕಿತು? ಲೆಕ್ಕ ತೆಗೆಯುವ ಬಗೆ

ವಿಜಯಪುರ ಜಿಲ್ಲೆಯ ಲಂಬಾಣಿ ತಾಂಡಾಗಳಲ್ಲಿ ಈ ಲೆಕ್ಕವನ್ನು ಮನೆವಾರು ಬರೆದರೆ ಕೆಡುತ್ತದೆ. ದುಡ್ಡು ಯಾರ ಕೈಗೆ ಬಂತು ಅಂತ ಬರೆಯಬೇಕು. ನೋಟ್‌ಬುಕ್ಕಿನಲ್ಲಿ ಎರಡು ಪುಟ ಮಾಡಿ: ಊರಲ್ಲಿದ್ದ ತಿಂಗಳು, ಗುಳೆ ಹೋದ ತಿಂಗಳು.

ಮೊದಲು ಗೃಹಲಕ್ಷ್ಮಿಯ 2,000 ರೂಪಾಯಿ. ಇದು ರೇಷನ್ ಕಾರ್ಡಿನ ಯಜಮಾನಿಗೆ ಮಾತ್ರ. ಅತ್ತೆ ಯಜಮಾನಿಯಾಗಿದ್ದರೆ ಸೊಸೆಯ ಪುಟದಲ್ಲಿ ಸೊನ್ನೆ. ಬಾಯಿಮಾತು ಬೇಡ, ಪಾಸ್‌ಬುಕ್ ಎಂಟ್ರಿ ಮಾಡಿಸಿಯೇ ಬರೆಯಿರಿ. ಕಂತು ತಡವಾದರೆ ಜಮಾ ಆದ ತಿಂಗಳಿಗೇ ಹಾಕಿ, ನಡುವೆ ತಂದ ಕೈಸಾಲದ ಬಡ್ಡಿ ಕಳೆಯಿರಿ. ದುಡ್ಡೇ ಬಂದಿಲ್ಲವೆಂದರೆ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ನೋಡಿ. ಮರೆತ ಹಳೇ ಖಾತೆಗೆ ಬಿದ್ದಿರುವುದುಂಟು. ಆಕೆಯಾಗಲಿ ಗಂಡನಾಗಲಿ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುತ್ತಿದ್ದರೆ ಈ ಹಣವಿಲ್ಲ, ವರ್ಷಕ್ಕೆ 24,000 ಹೋದಂತೆ. ಸರಕು ಮಾರುವವರಿಗೆ ವಾರ್ಷಿಕ ವಹಿವಾಟು 40 ಲಕ್ಷ ದಾಟುವ ತನಕ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ. ಯಾರೋ ಹೇಳಿದರೆಂದು ಸಣ್ಣ ಕಿರಾಣಿಗೆ ಜಿಎಸ್‌ಟಿ ನಂಬರ್ ಮಾಡಿಸುವ ಮುಂಚೆ ಇದನ್ನು ಯೋಚಿಸಿ.

ಶಕ್ತಿ ಬಸ್ಸಿನದು ಸುಲಭ: ಮೊದಲು ದುಡ್ಡು ಕೊಟ್ಟು ಹೋಗುತ್ತಿದ್ದ ಪ್ರಯಾಣವನ್ನಷ್ಟೇ ಉಳಿತಾಯವೆಂದು ಬರೆಯಿರಿ.

ಇನ್ನು ಕೈಬಿಟ್ಟು ಹೋಗುವ ತೆರಿಗೆ. ಬಹಳ ಮಂದಿ ತಪ್ಪುವುದು ಇಲ್ಲೇ. ಎಂಆರ್‌ಪಿಯಲ್ಲಿ ತೆರಿಗೆ ಸೇರಿರುತ್ತದೆ. 40 ರೂಪಾಯಿ ಸೋಪಿಗೆ ಶೇ 5ರಂತೆ 2 ರೂಪಾಯಿ ಅಲ್ಲ. 40ನ್ನು 5ರಿಂದ ಗುಣಿಸಿ 105ರಿಂದ ಭಾಗಿಸಿ, 1.90 ಬರುತ್ತದೆ. 2025ರ ಸೆಪ್ಟೆಂಬರ್ 22ಕ್ಕಿಂತ ಮುಂಚಿನ ಸೋಪಿಗೆ ದರ ಶೇ 18 ಇತ್ತು, ಆಗ ಅದೇ ಬೆಲೆಯಲ್ಲಿ ತೆರಿಗೆ 6.10. ಸೋಪು, ತಲೆಎಣ್ಣೆ, ಟೂತ್‌ಪೇಸ್ಟ್‌ಗಳ ಒಂದು ತಿಂಗಳ ಖರ್ಚು ಸಾಕು. ದರ ಇಳಿದರೂ ತಾಂಡಾದ ಅಂಗಡಿಯಲ್ಲಿ ಬೆಲೆ ಇಳಿಯಿತೇ? ಕೊಟ್ಟ ಬೆಲೆಯನ್ನೇ ಬರೆಯಿರಿ.

ಗುಳೆಯ ಪುಟದಲ್ಲಿ ಬಹಳಷ್ಟು ಖಾಲಿ ಉಳಿಯುತ್ತದೆ. ಉದ್ಯೋಗ ಖಾತ್ರಿಯ ಕೂಲಿ (2025-26ರಲ್ಲಿ ದಿನಕ್ಕೆ 370) ಊರಲ್ಲಿದ್ದು ದುಡಿದ ದಿನಕ್ಕಷ್ಟೇ. ಕಬ್ಬು ಕಡಿಯಲು ಹೋದ ಮಹಾರಾಷ್ಟ್ರದಲ್ಲಿ ರೇಷನ್ ಕಾರ್ಡು ತೋರಿಸಿದರೆ ಕೇಂದ್ರದ ಪಾಲಿನ ತಲಾ 5 ಕೆಜಿ ಧಾನ್ಯ ಸಿಗಬಹುದು, ಕರ್ನಾಟಕ ಕೊಡುವ ಹೆಚ್ಚುವರಿ ಸಿಗದು. ಕಬ್ಬು ಕಡಿಯುವ ಗ್ಯಾಂಗಿನಲ್ಲಿ ಗಂಡ-ಹೆಂಡತಿ ಜೋಡಿಗೆ ಒಂದೇ ಲೆಕ್ಕ, ಮುಂಗಡ ಗಂಡನ ಹೆಸರಲ್ಲಿ. ಅದರಲ್ಲಿ ಅರ್ಧ ಆಕೆಯ ದುಡಿಮೆ ಎಂದು ಬರೆಯಿರಿ, ಆದರೆ ಕೈಗೆ ಬಂದ ಕಾಲಂಗೆ ಹಾಕಬೇಡಿ.