ಮಸಾಲೆಯ ಕಪಾಟನ್ನು ಖಾಲಿ ಮಾಡಿದ ಮೇಲೆ

ಕೆಲವು ವರ್ಷಗಳ ಹಿಂದಿನ ಮಾತು. ನಾನು ಮಾಡುವ ಅಡುಗೆಗೆಲ್ಲ ಒಂದೇ ರುಚಿ ಬರುತ್ತಿತ್ತು. ಬೇಳೆಯಾದರೂ ಅಷ್ಟೆ, ತರಕಾರಿಯಾದರೂ ಅಷ್ಟೆ. ರುಚಿ ಸಾಲದು ಅನ್ನಿಸಿದಾಗಲೆಲ್ಲ ಖಾರವನ್ನೋ ಉಪ್ಪನ್ನೋ ಇನ್ನಷ್ಟು ಹಾಕುತ್ತಿದ್ದೆ. ತಪ್ಪು ಕೈಯದಲ್ಲ, ಡಬ್ಬಿಯದು ಎಂಬುದು ಬಹಳ ದಿನ ಹೊಳೆಯಲೇ ಇಲ್ಲ. ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡೀತು ಎನ್ನುತ್ತದೆ ಗಾದೆ. ಆ ಇಂಗು ಎಷ್ಟು ಹಳೆಯದು ಎಂದು ಅದು ಕೇಳುವುದಿಲ್ಲ.

ಒಂದು ಭಾನುವಾರ ಕಪಾಟಿನಲ್ಲಿದ್ದುದನ್ನೆಲ್ಲ ಮೇಜಿನ ಮೇಲೆ ಇಳಿಸಿದೆ. ಡಬ್ಬಿ, ಪೊಟ್ಟಣ ಎಲ್ಲ ಸೇರಿ 43 ಇದ್ದವು. ಏಲಕ್ಕಿಯ ಪೊಟ್ಟಣವೇ ಮೂರು, ಮೂರೂ ಅರ್ಧರ್ಧ. ಪ್ರತಿಯೊಂದರಿಂದಲೂ ಒಂದು ಚಿಟಿಕೆ ಅಂಗೈಗೆ ಹಾಕಿಕೊಂಡು, ಹೆಬ್ಬೆರಳಿನಿಂದ ಉಜ್ಜಿ ಮೂಸಿ ನೋಡುತ್ತ ಹೋದೆ. ಜೀರಿಗೆ ಪುಡಿಯಿಂದ ಹಳೆಯ ರಟ್ಟಿನ ಪೆಟ್ಟಿಗೆಯ ವಾಸನೆ ಬಂತು. ಕಿಟಕಿಯ ಕಡೆಗಿದ್ದ ಗಾಜಿನ ಸೀಸೆಯಲ್ಲಿ ಖಾರದ ಪುಡಿ ಬೆಳಕು ಬಿದ್ದ ಬದಿಯಲ್ಲಿ ಮಾಸಲು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು, ಒಳಗೆ ಮಾತ್ರ ಇನ್ನೂ ಕೆಂಪಗಿತ್ತು. ಕೊತ್ತಂಬರಿ ಪುಡಿಯಲ್ಲಿ ಜೀರಿಗೆಗಿಂತಲೂ ಚಿಕ್ಕದಾದ ಕಂದು ಹುಳಗಳು ಓಡಾಡುತ್ತಿದ್ದವು. ಒಲೆಯ ನೇರ ಮೇಲಿನ ಹಲಗೆಯಲ್ಲಿದ್ದ ಪುಡಿಗಳು ಹಬೆಯ ತೇವಕ್ಕೆ ಗಂಟು ಕಟ್ಟಿದ್ದವು. ಕೈಗೆ ಸುಲಭವಾಗಿ ಸಿಗಲಿ ಎಂದು ಅವನ್ನು ಅಲ್ಲಿಟ್ಟವಳು ನಾನೇ.

ಎಲ್ಲವನ್ನೂ ಎಸೆಯುವ ಮೊದಲು ಒಂದು ಪರೀಕ್ಷೆ ಮಾಡಬೇಕು ಅನ್ನಿಸಿತು. ಬೇಳೆಯನ್ನು ಬರೀ ಉಪ್ಪು ಹಾಕಿ ಬೇಯಿಸಿ, ಎರಡು ಬಟ್ಟಲುಗಳಿಗೆ ಸಮನಾಗಿ ಸುರಿದೆ. ಒಂದಕ್ಕೆ ಅರ್ಧ ಚಮಚ ಹಳೆಯ ಜೀರಿಗೆ ಪುಡಿ. ಇನ್ನೊಂದಕ್ಕೆ ಆಗಷ್ಟೇ ತಂದ ಜೀರಿಗೆಯನ್ನು ಒಣ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಒಂದು ಛಾಯೆ ಗಾಢವಾಗುವವರೆಗೆ ಹುರಿದು, ಕುಟ್ಟಾಣಿಯಲ್ಲಿ ತರಿತರಿಯಾಗಿ ಕುಟ್ಟಿ, ಅಷ್ಟೇ ಅಳತೆಯಲ್ಲಿ ಹಾಕಿದೆ. ಮೊದಲನೆಯ ಬಟ್ಟಲಿನಲ್ಲಿ ಏನೋ ಪುಡಿ ಬಿದ್ದಿದೆ ಎಂಬುದಷ್ಟೇ ನಾಲಿಗೆಗೆ ತಿಳಿಯಿತು. ಎರಡನೆಯದನ್ನು ಬಾಯಿಗಿಡುವ ಮೊದಲೇ ಘಮ ಮೂಗಿಗೆ ಬಡಿಯಿತು. ಒಂದೇ ಬೇಳೆ, ಒಂದೇ ಉಪ್ಪು. ಅಷ್ಟು ದಿನ ಅಡುಗೆಯ ಕ್ರಮವನ್ನೇ ಬದಲಾಯಿಸುತ್ತ ಕೂತಿದ್ದ ನಾನು ಇಂಗು ತಿಂದ ಮಂಗನಂತಾದೆ.

ಕಾರಣ ಸರಳವಾದದ್ದು. ಸಂಬಾರ ಪದಾರ್ಥಗಳ ಪರಿಮಳವೆಲ್ಲ ಗಾಳಿಗೆ ಆರಿಹೋಗುವ ಎಣ್ಣೆಗಳಲ್ಲಿದೆ. ಇಡಿಯ ಕಾಳಿನಲ್ಲಿ ಆ ಎಣ್ಣೆ ಮುಚ್ಚಿದ ಕೋಶಗಳೊಳಗೆ ಇರುತ್ತದೆ. ಪುಡಿ ಮಾಡಿದೊಡನೆ ಕೋಶ ಒಡೆದು ಎಣ್ಣೆ ಗಾಳಿಗೆ ತೆರೆದುಕೊಳ್ಳುತ್ತದೆ. ಬೆಳಕು, ಬಿಸಿ, ತೇವಗಳು ಉಳಿದದ್ದನ್ನು ಬೇಗ ಮುಗಿಸುತ್ತವೆ. ಇಡಿಯ ಸಂಬಾರವನ್ನು 3–4 ವರ್ಷ, ಪುಡಿಯನ್ನು 2–3 ವರ್ಷ ಇಡಬಹುದೆಂಬ ಸಾಮಾನ್ಯ ಲೆಕ್ಕವೊಂದಿದೆ. ತೇವ ತಾಗದ ಹಳೆಯ ಪುಡಿ ಹೊಟ್ಟೆ ಕೆಡಿಸುವುದು ಅಪರೂಪ, ಆದರೆ ರುಚಿಯನ್ನೂ ಕೊಡುವುದಿಲ್ಲ. ನನ್ನ ಮೂಗಿನ ಪ್ರಕಾರ ಜೀರಿಗೆ, ಕೊತ್ತಂಬರಿ, ಏಲಕ್ಕಿಯ ಪುಡಿಗಳ ಆಯಸ್ಸು ಆರು ತಿಂಗಳಿಗಿಂತ ಹೆಚ್ಚಿಲ್ಲ.

ಆಮೇಲೆ ಮಾಡಿದ ಕೆಲಸವೇ ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು. ಮೂರು ತಿಂಗಳು, ಯಾವ ಪದಾರ್ಥ ಎಷ್ಟು ಖರ್ಚಾಯಿತು ಎಂದು ಕಪಾಟಿನ ಬಾಗಿಲಿಗೆ ಅಂಟಿಸಿದ ಚೀಟಿಯಲ್ಲಿ ಬರೆದಿಟ್ಟೆ. ಜೀರಿಗೆ ತಿಂಗಳಿಗೆ ಸುಮಾರು 80 ಗ್ರಾಂ ಖರ್ಚಾಗುತ್ತಿತ್ತು, ಲವಂಗ ಮೂರು ತಿಂಗಳಿಗೂ 5 ಗ್ರಾಂ ದಾಟಲಿಲ್ಲ. ಆದರೂ ಎರಡನ್ನೂ ನಾನು ಒಂದೇ ಗಾತ್ರದ ಪೊಟ್ಟಣದಲ್ಲಿ ತರುತ್ತಿದ್ದೆ. ಈಗ ದಿನವೂ ಬೇಕಾಗುವುದನ್ನು ಎರಡು ತಿಂಗಳಿಗೆ ಆಗುವಷ್ಟು, ಅಪರೂಪದ್ದನ್ನು ಸಿಗುವ ಅತಿ ಚಿಕ್ಕ ಪೊಟ್ಟಣದಷ್ಟು ಮಾತ್ರ ತರುತ್ತೇನೆ. ದೊಡ್ಡ ಪೊಟ್ಟಣ ಅಗ್ಗವೆಂಬುದು ಮುಗಿಸುವವರಿಗೆ ಮಾತ್ರ ನಿಜ. ಡಬ್ಬಿಗಳನ್ನೂ ಆ ಅಳತೆಗೆ ಚಿಕ್ಕದು ಮಾಡಿದೆ, ಏಕೆಂದರೆ ಅರ್ಧ ಖಾಲಿ ಡಬ್ಬಿಯಲ್ಲಿ ಉಳಿದರ್ಧ ತುಂಬುವುದು ಗಾಳಿ. ತಂದ ತಿಂಗಳು, ವರ್ಷಗಳನ್ನು ತಳದಲ್ಲಿ ಬರೆಯುತ್ತೇನೆ. ಮುಚ್ಚಳದ ಮೇಲೆ ಬರೆದರೆ ತೊಳೆಯುವಾಗ ಮುಚ್ಚಳಗಳು ಅದಲು ಬದಲಾಗುತ್ತವೆ.

ಅರಿಶಿನ, ಒಣಶುಂಠಿ, ಖಾರದ ಪುಡಿ ಇವು ಮೂರನ್ನು ಬಿಟ್ಟು ಬೇರೇನನ್ನೂ ಪುಡಿಯಾಗಿ ಕೊಳ್ಳುವುದಿಲ್ಲ. ಅರಿಶಿನದ ಕೊಂಬು ಮನೆಯ ಮಿಕ್ಸಿಯ ಬ್ಲೇಡನ್ನು ಮೊಂಡಾಗಿಸುವಷ್ಟು ಗಟ್ಟಿ, ಒಣಶುಂಠಿಯಲ್ಲಿ ನಾರು. ಜಾಯಿಕಾಯಿಯನ್ನು ಇಡಿಯಾಗಿಟ್ಟು, ಬೇಕಾದಾಗ ಸಣ್ಣ ತುರಿಮಣೆಯಲ್ಲಿ ನಾಲ್ಕು ಸಲ ಉಜ್ಜಿದರೆ ಸಾಕು. ಚಕ್ಕೆ ಕೊಳ್ಳುವಾಗ ಸುರುಳಿಯನ್ನು ನೋಡುತ್ತೇನೆ: ತೆಳು ಪದರಗಳು ಒಂದರೊಳಗೊಂದು ಸುತ್ತಿಕೊಂಡು ಬೆರಳಿನಲ್ಲೇ ಪುಡಿಯಾಗುವಂತಿದ್ದರೆ ಅದು ನಿಜವಾದ ದಾಲ್ಚಿನ್ನಿ, ದಪ್ಪಗೆ, ಗಟ್ಟಿಯಾಗಿ, ಒಂದೇ ಪದರವಿದ್ದರೆ ಕ್ಯಾಸಿಯಾ. ಕ್ಯಾಸಿಯಾ ಹೆಚ್ಚು ಖಾರ, ಅದರಲ್ಲಿ ಕೂಮರಿನ್ ಎಂಬ ರಾಸಾಯನಿಕದ ಅಂಶವೂ ಹೆಚ್ಚು. ಅತಿಯಾದರೆ ಅದು ಯಕೃತ್ತಿಗೆ ಒಳ್ಳೆಯದಲ್ಲ. ಹೀಗಾಗಿ ದಿನವೂ ಬಳಸುವವರು ಮೊದಲನೆಯದನ್ನೇ ಆರಿಸುವುದು ಮೇಲು.

ಡಬ್ಬಿಗಳನ್ನು ಜೋಡಿಸುವಾಗ ಅಕಾರಾದಿಯನ್ನೂ ಅಂದವನ್ನೂ ಪಕ್ಕಕ್ಕಿಟ್ಟು, ಪಾತ್ರೆಗೆ ಬೀಳುವ ಸಮಯದ ಪ್ರಕಾರ ಇಟ್ಟೆ. ಒಲೆಯಿಂದ ದೂರದ, ಬಾಗಿಲಿರುವ ಕಪಾಟಿನಲ್ಲಿ ಎಡಗಡೆಗೆ ಎಣ್ಣೆಗೆ ಮೊದಲು ಬೀಳುವವು: ಸಾಸಿವೆ, ಜೀರಿಗೆ, ಮೆಂತ್ಯ, ಇಂಗು, ಒಣಮೆಣಸಿನಕಾಯಿ, ಚಕ್ಕೆ, ಲವಂಗ. ನಡುವೆ ಬೇಯುವಾಗ ಸೇರುವ ಪುಡಿಗಳು. ಬಲತುದಿಗೆ ಒಲೆ ಆರಿಸುವ ಹೊತ್ತಿಗೆ ಹಾಕುವವು: ಹುರಿದ ಜೀರಿಗೆ, ಏಲಕ್ಕಿ, ಕಾಳುಮೆಣಸು, ಜಾಯಿಕಾಯಿ. ಕಪಾಟೇ ಅಡುಗೆಯ ಕ್ರಮವನ್ನು ನೆನಪಿಸತೊಡಗಿದ್ದರಿಂದ ಏಲಕ್ಕಿಯನ್ನು ಅರ್ಧ ಗಂಟೆ ಕುದಿಸಿ ಪರಿಮಳವನ್ನೆಲ್ಲ ಹಬೆಯ ಪಾಲು ಮಾಡುವ ನನ್ನ ಹಳೆಯ ಅಭ್ಯಾಸ ತಪ್ಪಿತು. ಡಬ್ಬಿಯನ್ನು ಹಬೆಯಾಡುವ ಪಾತ್ರೆಯ ಮೇಲೆ ಬಗ್ಗಿಸುವುದನ್ನೂ ನಿಲ್ಲಿಸಿದೆ. ಒಣ ಚಮಚದಲ್ಲಿ ಅಂಗೈಗೆ ಹಾಕಿಕೊಂಡು, ಅಲ್ಲಿಂದ ಪಾತ್ರೆಗೆ.

ಎಣ್ಣೆಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅರಿಶಿನದ ಬಣ್ಣವೂ ಮೆಣಸಿನಕಾಯಿಯ ಖಾರವೂ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತವೆ. ಕುದಿಯುವ ನೀರಿಗೆ ಎಸೆದ ಪುಡಿಗಿಂತ ಎಣ್ಣೆಯಲ್ಲಿ ಒಂದು ಕ್ಷಣ ಅರಳಿದ ಪುಡಿ ಹೆಚ್ಚು ಮಾತಾಡುವುದು ಈ ಕಾರಣಕ್ಕೆ. ಆದರೆ ಆ ಕ್ಷಣ ನಿಜಕ್ಕೂ ಕ್ಷಣವೇ. ಸಾಸಿವೆಯನ್ನು ಮೊದಲು ಹಾಕಿ, ಮುಚ್ಚಳ ಓರೆ ಮಾಡಿ, ಸಿಡಿಯುವ ಸದ್ದು ಜೋರಾಗಿ ಮತ್ತೆ ವಿರಳವಾಗುವುದನ್ನು ಕೇಳಿಸಿಕೊಳ್ಳುತ್ತೇನೆ. ಅನಂತರ ಜೀರಿಗೆ, ಅದರ ಹಿಂದೆಯೇ ಮೆಂತ್ಯ, ಉರಿ ತಗ್ಗಿಸಿ ಇಂಗು. ಮೆಂತ್ಯ ಹೊಂಬಣ್ಣ ದಾಟಿ ಕಂದಾದರೆ ಪಾತ್ರೆಯೆಲ್ಲ ಕಹಿ. ಖಾರದ ಪುಡಿಯನ್ನು ಒಲೆ ಆರಿಸಿದ ಮೇಲೆಯೇ ಎಣ್ಣೆಗೆ ಹಾಕಿ ತಕ್ಷಣ ಒಂದು ಸೌಟು ನೀರನ್ನೋ ತರಕಾರಿಯನ್ನೋ ಸೇರಿಸುತ್ತೇನೆ. ಹಿಂದೆ ಎಷ್ಟೋ ಸಲ ಅದು ಸೀದು, ಮನೆಯವರೆಲ್ಲ ಕೆಮ್ಮುತ್ತ ಹೊರಗೆ ಓಡಿದ್ದುಂಟು.

ಸಾಸಿವೆಯ ಇನ್ನೊಂದು ಗುಣ ತಿಳಿದದ್ದು ತಡವಾಗಿ. ಸಿಡಿದ ಸಾಸಿವೆಯಲ್ಲಿ ಘಾಟಿಲ್ಲ, ಅದನ್ನೇ ಹಸಿಯಾಗಿ ನೀರಿನೊಂದಿಗೆ ಅರೆದರೆ ಘಾಟು ನೆತ್ತಿಗೇರುತ್ತದೆ. ಘಾಟು ಕಾಳಿನಲ್ಲಿ ಸಿದ್ಧವಾಗಿ ಇರುವುದಿಲ್ಲ. ಕಾಳು ಒಡೆದು ನೀರು ತಾಗಿದಾಗ ಅದರೊಳಗಿನ ಕಿಣ್ವವೊಂದು ಘಾಟನ್ನು ತಯಾರಿಸುತ್ತದೆ, ಬಿಸಿ ಆ ಕಿಣ್ವವನ್ನು ಕೊಲ್ಲುತ್ತದೆ. ಆದ್ದರಿಂದ ಘಾಟು ಬೇಕಾದಾಗ ತಣ್ಣೀರಿನಲ್ಲಿ ಅರೆದು ಹತ್ತು ನಿಮಿಷ ಬಿಡುತ್ತೇನೆ.

ಸೊಪ್ಪುಗಳ ಮಾತು ಬೇರೆ. ಕೊತ್ತಂಬರಿ ಸೊಪ್ಪನ್ನು ಒಣಗಿಸಿದರೆ ಹುಲ್ಲಿಗೆ ಸಮ, ಆ ಪುಡಿಯನ್ನು ಕೊಳ್ಳುವುದೇ ದಂಡ. ಥೈಮ್, ಓರಿಗಾನೊ, ರೋಸ್ಮರಿಯಂಥ ಗಟ್ಟಿ ಎಲೆಗಳು ಒಣಗಿದರೂ ಘಮ ಉಳಿಸಿಕೊಳ್ಳುತ್ತವೆ. ಒಂದು ಚಮಚ ಒಣ ಎಲೆ ಮೂರು ಚಮಚ ಹಸಿ ಎಲೆಗೆ ಸಮವೆಂಬ ಲೆಕ್ಕ ಅವಕ್ಕೆ ಸರಿಹೊಂದುತ್ತದೆ. ಒಣ ಎಲೆಯನ್ನು ಬೇಯುವಾಗಲೇ ಹಾಕಬೇಕು, ಮೃದುವಾದ ಹಸಿ ಸೊಪ್ಪನ್ನು ಇಳಿಸುವ ಮುನ್ನ. ಕೊತ್ತಂಬರಿಯ ಕಟ್ಟನ್ನು ಎರಡು ಬೆರಳು ನೀರಿರುವ ಲೋಟದಲ್ಲಿ ನಿಲ್ಲಿಸಿ, ಎಲೆಗಳ ಮೇಲೆ ಸಡಿಲವಾಗಿ ಚೀಲ ಮುಚ್ಚಿ ಫ್ರಿಜ್‌ನಲ್ಲಿಟ್ಟು, ಎರಡು ದಿನಕ್ಕೊಮ್ಮೆ ನೀರು ಬದಲಾಯಿಸಿದರೆ ಹತ್ತು ದಿನ ಬರುತ್ತದೆ. ಬೇಸಿಲ್ ಮಾತ್ರ ಫ್ರಿಜ್‌ನ ಚಳಿಗೆ ಕಪ್ಪಾಗುತ್ತದೆ, ಅದನ್ನು ಹೊರಗೇ ನೀರಿನಲ್ಲಿ ನಿಲ್ಲಿಸಬೇಕು. ಕರಿಬೇವನ್ನು ತೊಳೆದು, ತೇವವೆಲ್ಲ ಆರಿದ ಮೇಲೆ ಎಲೆ ಬಿಡಿಸಿ ಫ್ರೀಜರ್‌ಗೆ ಹಾಕುತ್ತೇನೆ. ಎಣ್ಣೆಗೆ ಹಾಗೆಯೇ ಹಾಕಬಹುದು, ಸಿಡಿತ ಮಾತ್ರ ಜೋರು. ಹಸಿ ಸೊಪ್ಪನ್ನೋ ಬೆಳ್ಳುಳ್ಳಿಯನ್ನೋ ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡುವ ಪ್ರಯೋಗ ಬೇಡ. ಗಾಳಿಯಾಡದ ಅಂಥ ಎಣ್ಣೆಯಲ್ಲಿ ಬಾಟುಲಿಸಂ ಎಂಬ ಆಹಾರ ವಿಷಬಾಧೆಯನ್ನು ತರುವ ಬ್ಯಾಕ್ಟೀರಿಯಾ ವಾಸನೆಯ ಸುಳಿವೂ ಕೊಡದೆ ಬೆಳೆಯಬಲ್ಲದು.

ಗಸಗಸೆ, ಎಳ್ಳುಗಳಲ್ಲಿ ಎಣ್ಣೆಯಂಶ ಹೆಚ್ಚಿರುವುದರಿಂದ ಅವು ಘಮ ಕಳೆದುಕೊಂಡು ಸುಮ್ಮನಿರುವುದಿಲ್ಲ, ಕಮಟು ಹಿಡಿಯುತ್ತವೆ. ಅವುಗಳಿಗೂ ಫ್ರೀಜರ್ ಜಾಗವೇ ಸರಿ. ಹೊರತೆಗೆದ ಡಬ್ಬಿ ಕೋಣೆಯ ಬಿಸಿಗೆ ಬರುವ ಮೊದಲು ಮುಚ್ಚಳ ತೆರೆದರೆ ಒಳಗೆ ನೀರು ಹನಿಗಟ್ಟುತ್ತದೆ, ಅಷ್ಟು ಕಾಯುವ ತಾಳ್ಮೆ ಬೇಕು. ಹೊಸದಾಗಿ ತಂದ ಕೊತ್ತಂಬರಿ ಬೀಜ, ಒಣಮೆಣಸಿನಕಾಯಿಗಳನ್ನು ಮೊದಲ ಒಂದು ವಾರ −18 ಡಿಗ್ರಿಯ ಫ್ರೀಜರ್‌ನಲ್ಲಿಟ್ಟೇ ಕಪಾಟಿಗೆ ಸೇರಿಸುತ್ತೇನೆ. ಹುಳವೂ ಮೊಟ್ಟೆಯೂ ಅಲ್ಲೇ ಸಾಯುತ್ತವೆ. ಆ ಭಾನುವಾರದ ಹುಳಗಳು ಮತ್ತೆ ಕಂಡಿಲ್ಲ.

ಈಗ ಕಪಾಟಿನಲ್ಲಿ 19 ಡಬ್ಬಿಗಳಿವೆ. ಇಂಗಿನ ಡಬ್ಬಿಯನ್ನು ಇನ್ನೊಂದು ಡಬ್ಬಿಯೊಳಗಿಟ್ಟು ಎರಡಕ್ಕೂ ಬಿಗಿಯಾಗಿ ಮುಚ್ಚಳ ಹಾಕಿದ್ದೇನೆ. ಆದರೂ ಬಾಗಿಲು ತೆರೆದೊಡನೆ ಮೊದಲು ಮೂಗಿಗೆ ಬರುವುದು ಅದೇ, ಬಲತುದಿಯ ಏಲಕ್ಕಿಗೂ ಅದು ತಾಗದಿರಲೆಂದು ಏಲಕ್ಕಿಯನ್ನು ಮೊನ್ನೆ ಇನ್ನೂ ಒಂದು ಹಲಗೆ ಮೇಲಕ್ಕೆ ಸರಿಸಿದೆ.